ಮೊದಲ ಸಲ ವರಮಹಾಲಕ್ಷ್ಮಿ ಕಲಶ: ಗೊತ್ತಿದ್ದವರು ಹೇಳಿ

ಪ್ರಶ್ನೆ: ಈ ವರ್ಷ ಮನೆಯಲ್ಲಿ ಕಲಶ ಕೂರಿಸಬೇಕು. ಹೇಳಿಕೊಡೋರು ಯಾರೂ ಇಲ್ಲ. ಸೀರೆ ಉಡಿಸಿದರೆ ಕಲಶ ವಾಲುತ್ತೆ ಅಂತಾರೆ, ನಿಜವಾ?

ಉತ್ತರ: ವಾಲೋದು ಸೀರೆಯ ಭಾರಕ್ಕೆ. ಜರಿ ನೆರಿಗೆಯೆಲ್ಲ ಮುಂದಕ್ಕೇ ಬೀಳುತ್ತಲ್ಲ, ಬರೀ ಚೊಂಬಿಗೆ ಸುತ್ತಿದರೆ ಅದು ಮುಗ್ಗರಿಸದೆ ಇನ್ನೇನು ಮಾಡೀತು! ಮಣೆ ಮೇಲೆ ಅಕ್ಕಿ ತುಂಬಿದ ಅಗಲದ ಡಬ್ಬಿ ಇಟ್ಟು, ಅದರ ಮೇಲೆ ತಟ್ಟೆಯಲ್ಲಿ ಅಕ್ಕಿ ಹರಡಿ ಚೊಂಬು ಕೂರಿಸಿ. ಸೀರೆಯನ್ನು ಉದ್ದಕ್ಕೆ ಎರಡಾಗಿ ಮಡಚಿ ನೆರಿಗೆ ಹಿಡಿದು, ದಾರದಿಂದ ಡಬ್ಬಿಗೇ ಬಿಗಿಯಿರಿ. ಚೊಂಬಿನ ಕೊರಳಿಗೆ ಸೆರಗು ಮಾತ್ರ ಬರಲಿ. ಭುಜಕ್ಕೆ ಒಂದು ಅಡ್ಡ ಕಡ್ಡಿ ಕಟ್ಟಿದರೆ ಆಯ್ತು. ಇದೆಲ್ಲ ಗುರುವಾರ ರಾತ್ರಿಯೇ ಮುಗಿಸಿ.

ಉತ್ತರ: ಚೊಂಬಿನ ಬಾಯಿ ತೆಂಗಿನಕಾಯಿಗಿಂತ ಸಣ್ಣದಿರಲಿ, ಇಲ್ಲದಿದ್ದರೆ ಕಾಯಿ ಒಳಕ್ಕೆ ಜಾರುತ್ತೆ. ಮುಕ್ಕಾಲು ನೀರು, ಅದಕ್ಕೆ ಅರಿಶಿನ, ಕುಂಕುಮ, ಅಕ್ಷತೆ, ಅಡಿಕೆ, ನಾಣ್ಯ. ಬಾಯಿಗೆ 5 ಮಾವಿನ ಎಲೆ ಅಥವಾ ವೀಳ್ಯದೆಲೆ. ಕಾಯಿಯ ಜುಟ್ಟು ಮೇಲಕ್ಕಿರಲಿ. ಕೆಲವರ ಮನೆಯಲ್ಲಿ ನೀರಿನ ಬದಲು ಅಕ್ಕಿ ತುಂಬುವ ಪದ್ಧತಿ, ಅದೂ ಸರಿಯೇ. ಕಾಯಿಗೆ ಅರಿಶಿನ ನೀರಾಗಿ ಕಲಸಿ ಹಚ್ಚಬೇಡಿ, ಹರಿದು ಸೀರೆಗೆ ಕಲೆಯಾಗುತ್ತೆ. ಗಟ್ಟಿಯಾಗಿ ಹಚ್ಚಿ, ಒಣಗಿದ ಮೇಲೆ ಮುಖವಾಡ ಕಟ್ಟಿ.

ಉತ್ತರ: ಅಲಂಕಾರದ ಗಲಾಟೆಯಲ್ಲಿ ದೋರ, ಅಂದರೆ ಪೂಜೆ ಮಾಡಿ ಕೈಗೆ ಕಟ್ಟಿಕೊಳ್ಳೋ ದಾರ, ಮರೆಯೋರೇ ಜಾಸ್ತಿ. 9 ಎಳೆ, 9 ಗಂಟು, ಅರಿಶಿನ ಹಚ್ಚಿದ್ದು. ಅರಿಶಿನದ ಗಣಪನಿಗೆ ಮೊದಲ ಪೂಜೆ, ಸಂಕಲ್ಪ, ಕಲಶದಲ್ಲಿ ಆವಾಹನೆ (ಲಕ್ಷ್ಮಿಯನ್ನು ಮಂತ್ರದಿಂದ ಕರೆಯೋದು), ಷೋಡಶೋಪಚಾರ (16 ಬಗೆಯ ಸೇವೆ), ಒಂದೊಂದು ಗಂಟಿಗೂ ಪೂಜೆ, ಕಥೆ ಓದಿ ಬಲಗೈಗೆ ದೋರ. ನೈವೇದ್ಯಕ್ಕೆ ಒಬ್ಬಟ್ಟೇ ಆಗಬೇಕೆಂದಿಲ್ಲ, ಪಾಯಸ ಸಾಕು. ಸಂಜೆ ಮುತ್ತೈದೆಯರಿಗೆ ತಾಂಬೂಲ.

ಉತ್ತರ: ದಿನದ ವಿಷಯ. ಶ್ರಾವಣದ ಎರಡನೇ ಶುಕ್ರವಾರ ಅಂತ ಬಾಯಿಲೆಕ್ಕ ಹಾಕಬೇಡಿ, ಹುಣ್ಣಿಮೆಗೆ ಹಿಂದಿನ ಶುಕ್ರವಾರ ಅಂತ ಪಂಚಾಂಗ ನೋಡಿ. ಅಮೆರಿಕದಲ್ಲಿರೋರು ಅಲ್ಲಿನ ಪಂಚಾಂಗವನ್ನೇ ನೋಡಬೇಕು. ಧೂಪ ಹಚ್ಚುವಾಗ ಹೊಗೆ ಅಲಾರಂ ಇರೋದೂ ನೆನಪಿರಲಿ. ಅವತ್ತು ಮುಟ್ಟು, ಸೂತಕ ಬಂದರೆ ಗಾಬರಿ ಬೇಡ, ಶ್ರಾವಣದ ಇನ್ನೊಂದು ಶುಕ್ರವಾರ ಮಾಡುವ ರೂಢಿಯಿದೆ.

ಉತ್ತರ: ಶುಕ್ರವಾರ ರಾತ್ರಿಯೇ ಬಿಚ್ಚಬೇಡಿ. ಶನಿವಾರ ಬೆಳಗ್ಗೆ ಪುನಃಪೂಜೆ, ಮಂಗಳಾರತಿ ಮಾಡಿ ಕಲಶವನ್ನು ಸ್ವಲ್ಪ ಕದಲಿಸಿ, ಆಮೇಲೆ ಬಿಚ್ಚಿ. ನೀರನ್ನು ಮಾವಿನ ಎಲೆಯಿಂದ ಮನೆಗೆಲ್ಲ ಪ್ರೋಕ್ಷಿಸಿ, ಉಳಿದದ್ದು ಗಿಡದ ಬುಡಕ್ಕೆ. ಅಕ್ಕಿ, ಕಾಯಿ ಸಿಹಿ ಅಡುಗೆಗೆ ಬಳಸಿ.