ಅಪ್‌ಡೇಟ್: ಅಣ್ಣನ ತಲೆಪೆಟ್ಟಿನ ಕೇಸ್, ರಾಜಿ ಕಾಗದಕ್ಕೆ ಸಹಿ ಹಾಕಲಿಲ್ಲ

ಹೋದ ಸಲ ಕೇಳಿದ್ದೆ: ಅಪಘಾತದಲ್ಲಿ ಅಣ್ಣನ ಮಿದುಳಿಗೆ ಪೆಟ್ಟಾಗಿದೆ, ವಿಮೆಯವರು ರಾಜಿಗೆ ಕರೆಯುತ್ತಿದ್ದಾರೆ, ಸಹಿ ಹಾಕಿಬಿಡೋದಾ ಅಂತ. ಹಾಕಲಿಲ್ಲ. ಬೇಡ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್.

ವಕೀಲರು ಮೊದಲು ಕೇಳಿದ್ದು ಆಸ್ಪತ್ರೆಗೆ ಸೇರಿಸಿದ ದಿನದ ಗ್ಲಾಸ್ಗೋ ಕೋಮಾ ಸ್ಕೇಲ್ ಅಂಕ, ಅಂದರೆ ಪೆಟ್ಟಾದವರಿಗೆ ಎಷ್ಟು ಪ್ರಜ್ಞೆ ಇದೆ ಅಂತ ಅಳೆಯುವ ಅಂಕ. ಅದು 3ರಿಂದ 15ರವರೆಗೆ ಇರುತ್ತದೆ, 8 ಅಥವಾ ಅದಕ್ಕಿಂತ ಕಡಿಮೆ ಬಂದರೆ ಗಂಭೀರ. ಅಣ್ಣನದು 7. ಆದರೆ ಅದೊಂದೇ ಸಾಲದು. ಅವನು ನಡೆಯುತ್ತಾನೆ, ಮಾತಾಡುತ್ತಾನೆ, ನೋಡಿದವರು 'ಚೆನ್ನಾಗೇ ಇದ್ದಾನಲ್ಲ' ಅನ್ನುತ್ತಾರೆ. ಒಲೆ ಹಚ್ಚಿ ಮರೆತುಬಿಟ್ಟಿದ್ದು, ಅಂಗಿಯ ಒಂದೇ ಗುಂಡಿಯನ್ನು ಹಾಕಿ, ಬಿಚ್ಚಿ, ಮತ್ತೆ ಹಾಕಿ ಕೊನೆಗೆ ಅಳುತ್ತಾ ಕೂತಿದ್ದು ಅವರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಅತ್ತಿಗೆ ದಿನಾ ನೋಟ್‌ಬುಕ್‌ನಲ್ಲಿ ಬರೆದಿಡುತ್ತಾರೆ, ಎಷ್ಟು ಹೊತ್ತಿಗೆ ಏನಾಯ್ತು, ಆಗ ಜೊತೆಗೆ ಯಾರಿದ್ದರು ಅಂತೆಲ್ಲ. ನ್ಯೂರೋಸೈಕಾಲಜಿಸ್ಟ್ ಹತ್ತಿರ ನೆನಪು, ಗಮನ, ನಿರ್ಧಾರ ತಗೊಳ್ಳೋ ಶಕ್ತಿಯ ಪರೀಕ್ಷೆಯೂ ಆಯ್ತು. ಸ್ಕ್ಯಾನ್‌ನಲ್ಲಿ ಕಾಣದ ತೊಂದರೆ ಅಲ್ಲಿ ಕಂಡಿತು.

ಈಗ ಕೇಳುತ್ತಿರುವುದು ಸುಮ್ನೆ ಆಸ್ಪತ್ರೆ ಬಿಲ್ ಅಲ್ಲ. ಹೋದ ದುಡಿಮೆ, ಮುಂದಿನ ಥೆರಪಿ, ಜೀವನಪೂರ್ತಿ ಬೇಕಾಗುವ ಆರೈಕೆ, ಕೆಲಸ ಬಿಟ್ಟು ಮನೆಯಲ್ಲಿ ಕೂತ ಅತ್ತಿಗೆಯ ಸಮಯ, ಎಲ್ಲವೂ ಇದೆ. ಅಂದು ಸಹಿ ಹಾಕಿದ್ದರೆ ಇದ್ಯಾವುದನ್ನೂ ಮತ್ತೆ ಕೇಳುವ ಹಾಗಿರಲಿಲ್ಲ, ಅದನ್ನು ನೆನೆಸಿಕೊಂಡರೇ ಎದೆ ಝಲ್ ಅನ್ನುತ್ತದೆ.

ಇನ್ನೊಂದು ಮಾತು, ಇದೇ ಸ್ಥಿತಿಯಲ್ಲಿರುವವರಿಗೆ. ಕೇಸ್ ಹಾಕಲು ಗಡುವು ಇರುತ್ತದೆ, ಅದನ್ನು ಮೊದಲೇ ಕೇಳಿಕೊಳ್ಳಿ. ರಾಜಿಗೆ ಮಾತ್ರ ಅವಸರ ಬೇಡ, ಎಷ್ಟು ಚೇತರಿಕೆ ಆಗುತ್ತದೆ ಅಂತ ತಿಳಿಯಲು ತಿಂಗಳುಗಟ್ಟಲೆ ಬೇಕು.

ಸೋಮವಾರದಿಂದ ಸ್ಪೀಚ್ ಥೆರಪಿ ಶುರುವಾಗಿದೆ. ನಿನ್ನೆ ನನ್ನ ಹೆಸರನ್ನು ಯಾರೂ ನೆನಪಿಸದೆ ತಾನೇ ಕರೆದ.