ಹಳೇ ಡೆಸ್ಕ್‌ಟಾಪ್‌ನಾಗ ಎಕ್ಸ್‌ಪಿ ಜೋಡಿ ಲಿನಕ್ಸ್ ಹಾಕಬೇಕು, ಅಪ್ಪಾರ ಪೇಜ್‌ಮೇಕರ್‌ಗೆ ಏನೂ ಆಗಬಾರದು

ಬೆಟಗೇರಿ_ಹುಡುಗ:

ನಮಸ್ಕಾರ್ರಿ ಎಲ್ಲಾರಿಗೂ, ಸ್ವಲ್ಪ ಉದ್ದ ಬರದೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಮನ್ಯಾಗ ಒಂದು ಹಳೇ ಡೆಸ್ಕ್‌ಟಾಪ್ ಐತಿ, ಕೋರ್ 2 ಡ್ಯುಯೋ ಇ7500, ಜಿ31 ಬೋರ್ಡು, 2 ಜಿಬಿ ರ್‍ಯಾಮು, 320 ಜಿಬಿ ಹಾರ್ಡ್‌ಡಿಸ್ಕು, ಇನ್ನೂ ವಿಂಡೋಸ್ ಎಕ್ಸ್‌ಪಿ ಮ್ಯಾಲೆ ಓಡಾಕತ್ತೈತಿ. ನಗಬ್ಯಾಡ್ರಿ, ಕಾರಣ ಐತಿ. ಗದಗಂದ್ರ ಮುದ್ರಣ ಕಾಶಿ ಅಂತ ನಿಮಗೂ ಗೊತ್ತು, ನಮ್ಮ ಅಪ್ಪಾರು ಪ್ರೆಸ್ಸಿನ್ಯಾಗ ಮೊಳಿ ಜೋಡಿಸಿ ಕೆಲಸ ಕಲತಾವ್ರು, ಈಗ ಮನ್ಯಾಗ ಕುಂತು ಪೇಜ್‌ಮೇಕರ್ 7ರಾಗ (ಪುಟ ಜೋಡಿಸೂ ಸಾಫ್ಟ್‌ವೇರ್) ನುಡಿ (ಕನ್ನಡ ಟೈಪ್ ಮಾಡೂ ಸಾಫ್ಟ್‌ವೇರ್) ಹಾಕ್ಕೊಂಡು ಲಗ್ನಪತ್ರಿಕಿ, ಜಾತ್ರಿ ಪಾಂಪ್ಲೆಟ್ಟು, ರಸೀದಿ ಪುಸ್ತಕ ಎಲ್ಲಾ ಮಾಡಿ ಕೊಡ್ತಾರ, ಪ್ರಿಂಟರ್ ಲೇಸರ್‌ಜೆಟ್ 1020. ಆ ಡೆಸ್ಕ್‌ಟಾಪ್ ಮ್ಯಾಲಿನ ಒಂದು ಐಕಾನ್ ಆಕಡೆ ಈಕಡೆ ಸರದ್ರ ಮನಿ ತುಂಬ ಒದರ್ತಾರ.

ಈಗ ತಂಗಿ ಬಿಸಿಎಗೆ ಸೇರ್‍ಯಾಳ, ಪೈಥಾನ್ ಕಲೀಬೇಕು, ಎಕ್ಸ್‌ಪಿ ಒಳಗ ಕ್ರೋಮ್ 49ಕ್ಕ ನಿಂತ ಬಿಟ್ಟೈತಿ, ಕಾಲೇಜಿನ ಸೈಟ್ ಸೈತ ತಗಿಯಂಗಿಲ್ಲ. ಹೊಸಾ ಲ್ಯಾಪ್‌ಟಾಪ್ ಈ ವರ್ಷ ಆಗೂ ಮಾತಲ್ಲ. ಅದಕ್ಕ ಇದರಾಗ ಲಿನಕ್ಸ್ ಮಿಂಟ್ (ವಿಂಡೋಸ್‌ನಂಗ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಹಾಕಿ ಎರಡೂ ಇಟ್ಕೋಬೇಕಂತ ವಿಚಾರ. ಇ ಡ್ರೈವ್ ದೊಡ್ಡದೈತಿ, ಅದರಾಗ ಒಂದಿಷ್ಟು ಜಾಗಾ ಕತ್ತರಿಸಿ ಹಾಕಿದ್ರ ನಡೀತೈತೇನ್ರಿ? ಗೆಳ್ಯಾ ಒಬ್ಬಾಂವ ವಿಂಡೋಸ್ 7ನೂ ಜೋಡಿ ಹಾಕು ಅಂತಾನ, ಮೂರು ಆದ್ರ ಕಂಪ್ಯೂಟರ್‌ಗೆ ಭಾರ ಆಗತೈತೇನು?

ಧಾರವಾಡ_ಮಳಿ:

ಮೂರಲ್ಲ, ಐದು ಹಾಕಿದ್ರೂ ಭಾರ ಆಗಂಗಿಲ್ಲ ತಮ್ಮಾ, ಒಂದು ಸಲಕ್ಕ ಒಂದ ಓಡೂದು, ಉಳದದ್ದು ಡಿಸ್ಕಿನ್ಯಾಗ ಮಲಗಿರ್ತಾವು. ಆದ್ರ 7 ಯಾಕ ಬೇಕು? ಅದರ ಸಪೋರ್ಟ್ 2020ರ ಜನವರಿ 14ಕ್ಕ ಮುಗೀತು, ಅದರಾಗೂ ಕ್ರೋಮ್ 109ಕ್ಕ ನಿಂತೈತಿ. ವಿಂಡೋಸ್ 11ರ ಹೆಸರ ತಗೀಬ್ಯಾಡ್ರಿ, ಅದರ 24ಎಚ್2 ಆವೃತ್ತಿ ಬಂದಮ್ಯಾಲೆ ಕೋರ್ 2 ಡ್ಯುಯೋ ಮ್ಯಾಲೆ ಬೂಟ್ ಸೈತ ಆಗಂಗಿಲ್ಲ, ಆ ಪ್ರೊಸೆಸರ್‌ನಾಗ ಅದಕ್ಕ ಬೇಕಾದ ಪಾಪ್‌ಕೌಂಟ್ ಅನ್ನೂ ಇನ್‌ಸ್ಟ್ರಕ್ಷನ್ನ ಇಲ್ಲ.

ಯಾವಾಗ್ಲೂ ವಿಂಡೋಸ್ ಮೊದಲ, ಲಿನಕ್ಸ್ ಆಮ್ಯಾಲೆ. ಉಲ್ಟಾ ಮಾಡಿದ್ರ ವಿಂಡೋಸ್ ಗ್ರಬ್ (ಯಾವ ಸಿಸ್ಟಮ್ ತಗೀಬೇಕಂತ ಕೇಳೂ ಲಿನಕ್ಸಿನ ಮೆನ್ಯು) ಅಳಿಸಿ ತನ್ನದನ್ನ ಕೂಡಸ್ತೈತಿ, ಲಿನಕ್ಸ್ ಇದ್ದೂ ಇಲ್ಲದಂಗ. ನಿಮ್ಮದ್ರಾಗ ಎಕ್ಸ್‌ಪಿ ಹೆಂಗೂ ಐತಿ, ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಇ ಡ್ರೈವ್ 40 ಜಿಬಿಯಷ್ಟು ಶ್ರಿಂಕ್ (ಸಣ್ಣ) ಮಾಡಿ ಮಿಂಟ್‌ದ ಹಗುರ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕ್ರಿ, ಭಾರದ ಸಿನಮನ್ ಬ್ಯಾಡ. ಎಂಬಿಆರ್ (ಹಳೇ ನಮೂನಿ) ಡಿಸ್ಕಿನ್ಯಾಗ ಪ್ರೈಮರಿ ಪಾರ್ಟಿಶನ್ (ಡಿಸ್ಕಿನ ಮುಖ್ಯ ಭಾಗ) ನಾಲ್ಕಕ್ಕಿಂತ ಜಾಸ್ತಿ ಆಗಂಗಿಲ್ಲ, ಅದಷ್ಟು ನೋಡ್ಕೋರಿ.

ಹಳೇಹುಬ್ಳಿ_ರಿಪೇರಿ:

ಧಾರವಾಡ ಸರ, ಎಕ್ಸ್‌ಪಿ ಒಳಗ ಶ್ರಿಂಕ್ ಎಲ್ಲೈತ್ರಿ? ಅದು ವಿಸ್ತಾದಿಂದ ಬಂದದ್ದು. ಈ ಹುಡುಗ ಹುಡುಕಿ ಹುಡುಕಿ ಕಡೀಕ ಪೆನ್‌ಡ್ರೈವ್ ಹಾಕಿ ಜಿಪಾರ್ಟೆಡ್ ಅನ್ನೂ ಪಾರ್ಟಿಶನ್ ಸಾಫ್ಟ್‌ವೇರ್‌ನಾಗ ಎಳೀತಾನ, ಎಳಿಯೂ ಹೊತ್ತಿನ್ಯಾಗ ಕರೆಂಟ್ ಹೋಗ್ತೈತಿ. ಚ್ಯಾಷ್ಟಿ ಅಲ್ಲ, ನಾ ಇದ ರಿಪೇರಿ ಮಾಡ್ಕೊಂಡ ಹೊಟ್ಟಿ ಹೊರಿಯಾಂವ, ಹಿಂಗ ಪಾರ್ಟಿಶನ್ ಸರಿಸೂ ಮುಂದ ಕರೆಂಟ್ ಹೋಗಿ ಬಂದ ಡಿಸ್ಕ್ ಒಂದು ನನ್ನ ಟೇಬಲ್ ಮ್ಯಾಲೆ ಮೂರು ದಿನ ಬಿದ್ದಿತ್ತು, ಫೋಟೋ ಸಿಕ್ವು ಆದ್ರ ಒಂದಕ್ಕೂ ಹೆಸರಿಲ್ಲ, ಫೋಲ್ಡರ್ ಇಲ್ಲ, ಸಾವಿರಾರು ಫೈಲು ಬರೇ ನಂಬರ್. ಅಪ್ಪಾರ ಇಷ್ಟು ವರ್ಷದ ಲಗ್ನಪತ್ರಿಕಿ ಹಂಗ ಆದ್ರ ಯಾವ ಮದುವಿ ಯಾವದು ಅಂತ ಹೆಂಗ ಹುಡುಕೂದು?

ತಮ್ಮಾ, ಆ 320 ಜಿಬಿ ಡಿಸ್ಕಿಗೆ ಕೈನ ಹಚ್ಚಬ್ಯಾಡ. ಅದು ನಿಮ್ಮ ಮನಿ ಅನ್ನ. ಸಣ್ಣದೊಂದು ಎಸ್‌ಎಸ್‌ಡಿ (ಹೊಸಾ ನಮೂನಿ ಡಿಸ್ಕು) ತಗೋ, ಜಿ31 ಬೋರ್ಡಿನ್ಯಾಗ ನಾಲ್ಕು ಸಾಟಾ ಪೋರ್ಟ್ (ಡಿಸ್ಕ್ ಹಚ್ಚೂ ಕಿಂಡಿ) ಇರ್ತಾವು, ಎಸ್‌ಎಂಪಿಎಸ್‌ನಾಗ (ಕರೆಂಟ್ ಕೊಡೂ ಡಬ್ಬಿ) ಸಾಟಾ ಪಿನ್ ಇಲ್ಲಂದ್ರ ದೊಡ್ಡ ಪಿನ್ನಿನಿಂದ ಸಾಟಾಕ್ಕ ಬರೂ ವಾಯರ್ ಸಿಗತೈತಿ. ಮಿಂಟ್ ಹಾಕೂ ಮುಂದ ಹಳೇ ಡಿಸ್ಕಿನ ಕೇಬಲ್ ಕಿತ್ತು ಪಕ್ಕಕ್ಕಿಡು, ಕೇಬಲ್ ಇಲ್ಲದ ಡಿಸ್ಕನ್ನ ಯಾವ ಇನ್‌ಸ್ಟಾಲರ್‌ಗೂ ಕೆಡಸಾಕ ಬರಂಗಿಲ್ಲ. ಆಮ್ಯಾಲೆ ಹಚ್ಚು, ಬಯೋಸ್‌ನಾಗ (ಬೋರ್ಡಿನ ಸೆಟ್ಟಿಂಗ್ ಪರದಾ) ಹಳೇದನ್ನ ಮೊದಲಿಗೆ ಇಡು. ಅಪ್ಪಾರು ಬಟನ್ ಒತ್ತಿದ್ರ ಯಾವಾಗಿನಂಗ ಎಕ್ಸ್‌ಪಿ ಬರ್ತೈತಿ, ತಂಗಿ ಬೂಟ್ ಮೆನ್ಯು ಕೀ ಒತ್ತಿ ಎಸ್‌ಎಸ್‌ಡಿ ಆರಿಸ್ಕೊಳ್ಳಲಿ. ಗ್ರಬ್ ಮೆನ್ಯು ನೋಡಿ ಹಿರ್‍ಯಾರು ಅಂಜೂ ಪ್ರಶ್ನಿನ ಇಲ್ಲ.

ಬಯೋಸ್‌ನಾಗ ಸಾಟಾ ಮೋಡ್ (ಡಿಸ್ಕ್ ಜೋಡಿ ಬೋರ್ಡ್ ಮಾತಾಡೂ ರೀತಿ) ಹೆಂಗೈತಿ ಹಂಗ ಇರಲಿ. ಐಡಿಇ ಇದ್ದದ್ದನ್ನ ಎಎಚ್‌ಸಿಐ ಮಾಡ್ತೀನಂತ ಹೋದ್ರ ಎಕ್ಸ್‌ಪಿ ನೀಲಿ ಪರದಾ ತೋರಸಿ ಕುಂದರ್ತೈತಿ. ರ್‍ಯಾಮ್ 4 ಜಿಬಿ ಮಾಡು, ಆ ಬೋರ್ಡಿಗೆ ಅದಕ್ಕಿಂತ ಜಾಸ್ತಿ ಹತ್ತಂಗಿಲ್ಲ. ಸೆಕೆಂಡ್ಸ್‌ನಾಗ 2 ಜಿಬಿದು ಎರಡು ಡಿಡಿಆರ್2 ತಗೋ, ಒಂದ 4 ಜಿಬಿ ಸ್ಟಿಕ್ ಸೋವಿ ಐತಿ ಅಂತ ಯಾರರ ಕೊಟ್ರ ಒಲ್ಲೆ ಅನ್ನು, ಅವು ಎಎಂಡಿ ಬೋರ್ಡಿಗೆ ಅಷ್ಟ ನಡಿಯೂವು.

ಬ್ಯಾಡಗಿ_ಖಾರ:

ಎರಡು ಡಿಸ್ಕ್ ಯಾಕ, ಲಿನಕ್ಸ್ ಒಳಗ ವರ್ಚುಯಲ್‌ಬಾಕ್ಸ್ (ಒಂದು ಸಿಸ್ಟಮ್ ಒಳಗ ಇನ್ನೊಂದನ್ನ ಓಡಿಸೂ ಸಾಫ್ಟ್‌ವೇರ್) ಹಾಕಿ ಅದರಾಗ ಎಕ್ಸ್‌ಪಿ ಓಡಸಬೌದಲ್ಲ ಅಂತ ನಾನೂ ಅನ್ಕೊಂಡಿದ್ದೆ, ಹೋದ ವರ್ಷ ನನ್ನ ಪೆಂಟಿಯಂ ಇ5200 ಮ್ಯಾಲೆ ಕೂತು ಎರಡು ರಾತ್ರಿ ಹಾಳ ಮಾಡ್ಕೊಂಡೆ. ಆ ಪ್ರೊಸೆಸರ್‌ನಾಗ ವಿಟಿ (ಅದಕ್ಕ ಬೇಕಾದ ಪ್ರೊಸೆಸರ್ ಸೌಲಭ್ಯ) ಇಲ್ಲ, ವರ್ಚುಯಲ್‌ಬಾಕ್ಸ್ 6.1ರಿಂದ ವಿಟಿ ಇಲ್ಲದ ಯಂತ್ರಕ್ಕ ಒಳಗ ಬಿಟ್ಕೊಳ್ಳಂಗಿಲ್ಲ. ಇ7500ದಾಗೂ ಕೆಲವಕ್ಕ ಐತಿ ಕೆಲವಕ್ಕಿಲ್ಲ. ಇದ್ರೂ 2 ಜಿಬಿ ಒಳಗ ಇಬ್ಬರು ಸಂಸಾರ ಮಾಡೂದು ಆಗದ ಮಾತು. ರಿಪೇರಿ ಅಣ್ಣಾರು ಹೇಳಿದ್ದ ಛಲೋ.

ಇನ್ನೊಂದು, ಕ್ಯಾಬಿನೆಟ್ ಹೆಂಗೂ ಬಿಚ್ಚತಿ, ಪ್ರೊಸೆಸರ್ ಫ್ಯಾನಿನ ಧೂಳ ತಗಿ. ನಂದನ್ನ ಬಿಚ್ಚಿದಾಗ ಹೀಟ್‌ಸಿಂಕ್ ಸಂದ್ಯಾಗ ಕೆಂಪನ ಧೂಳು ಹೊದ್ಕಿಗತೆ ಕುಂತಿತ್ತು, ಮನಿ ಮಾರ್ಕೆಟ್ ಹತ್ರ ಐತ್ರಿ, ಬ್ರಷ್ ಆಡಿಸಿದ್ದ ತಡ ಮನಿಮಂದಿ ಎಲ್ಲಾ ಸೀನಿ ಸೀನಿ ಹೊರಗ ಓಡಿದ್ರು. ಮೂಗಿಗೆ ಟಾವೆಲ್ ಕಟ್ಕೋರಿ.

ಬೆಟಗೇರಿ_ಹುಡುಗ:

ಹಾಕ್ದೆ ಅಣ್ಣಾರ! ಹುಬ್ಳಿಗೆ ಹೋಗಿ 240 ಜಿಬಿ ಎಸ್‌ಎಸ್‌ಡಿ, ಒಂದು ವಾಯರು, ಎರಡು ರ್‍ಯಾಮ್ ತಂದೆ. ಹಳೇ ಡಿಸ್ಕಿನ ಕೇಬಲ್ ಕೀಳೂ ಮುಂದ ಅಪ್ಪಾರು ಕುರ್ಚಿ ತಂದು ಪಕ್ಕಕ್ಕ ಕುಂತಿದ್ರು, ಆಪರೇಶನ್ ಥೇಟರ್ ಮುಂದ ಕುಂತಂಗ. ಮಿಂಟ್ ಅರ್ಧಾ ತಾಸಿನ್ಯಾಗ ಕುಂತಬಿಡ್ತು. ತಂಗಿ ಎಫ್12 ಒತ್ತಿ ಹೋಗ್ತಾಳ. ಎಕ್ಸ್‌ಪಿ ಒಳಗ ಡಿವೈಸ್ ಮ್ಯಾನೇಜರ್‌ಗೆ ಹೋಗಿ ಲ್ಯಾನ್ ಕಾರ್ಡ್ ಡಿಸೇಬಲ್ ಮಾಡೀನಿ, 2014ರಿಂದ ಅಪ್ಡೇಟ್ ಇಲ್ಲದ್ದನ್ನ ಇಂಟರ್ನೆಟ್‌ಗೆ ಬಿಡೂದು ಬ್ಯಾಡ ಅಂತ. ಲಿನಕ್ಸ್‌ನಾಗ ಪ್ರಿಂಟರ್ ಮೊದಲ ಸುಮ್ನ ನಿಂತಿತ್ತು, ಎಚ್‌ಪಿಲಿಪ್ ಅನ್ನೂ ಎಚ್‌ಪಿ ಪ್ರಿಂಟರ್ ಡ್ರೈವರ್‌ದ ಪ್ಲಗಿನ್ ಇಳಿಸಿದ ಮ್ಯಾಲೆ ಕಾಗದ ಎಳಕೊಂತು.

ಆದ್ರ ಒಂದು ಪಜೀತಿ. ಎಕ್ಸ್‌ಪಿ ಗಡಿಯಾರ ಹಿಂದ ಬಿದ್ದೈತಿ. ಅಪ್ಪಾರು ಮುಂಜಾನೆ 5ಕ್ಕ ಎದ್ದು ಕೆಲಸಕ್ಕ ಕುಂತ್ರ ನಿನ್ನಿ ರಾತ್ರಿ 11:30 ಅಂತ ತೋರಸ್ತೈತಿ. ಸರಿ ಮಾಡಿದ್ರ ತಂಗಿ ಲಿನಕ್ಸ್‌ಗೆ ಹೋಗಿ ಬಂದಕೂಡ್ಲೆ ಮತ್ತ ಹಂಗ. ಬೋರ್ಡಿನ ಸೆಲ್ ಹೋಗೈತಿ ಅಂತ ಹೊಸಾ ಸಿಆರ್2032 ಹಾಕಿದೆ, ಊಹೂಂ. "ನಿನ್ನ ಲಿನಕ್ಸ್ ಬಂದಾಗಿಂದ ನಮ್ಮನ್ಯಾಗ ಬೆಳಕ ಹರೀವಲ್ತು" ಅಂತಾರ ಅಪ್ಪಾರು.

ಧಾರವಾಡ_ಮಳಿ:

ಎಷ್ಟು ಹಿಂದ ಬಿದ್ದೈತಿ ಎಣಿಸು, ಐದೂವರಿ ತಾಸು. ಸೆಲ್ಲಿನ ತಪ್ಪಲ್ಲ ಅದು. ಲಿನಕ್ಸ್ ಬೋರ್ಡಿನ ಗಡಿಯಾರಕ್ಕ ಯುಟಿಸಿ ಟೈಮ್ (ಜಗತ್ತಿನ ಮೂಲ ಟೈಮ್, ನಮ್ಮದಕ್ಕಿಂತ ಐದೂವರಿ ತಾಸು ಹಿಂದ) ಬರದಿಡ್ತೈತಿ, ವಿಂಡೋಸ್ ಅದನ್ನ ನಮ್ಮೂರ ಟೈಮ್ ಅಂತ ಓದ್ತೈತಿ. ಹಳೇ ಡಿಸ್ಕ್ ಕಿತ್ತಿಟ್ಟು ಹಾಕಿದ್ದಕ್ಕ ಇನ್‌ಸ್ಟಾಲರ್‌ಗೆ ಬಾಜೂಕ ವಿಂಡೋಸ್ ಐತಿ ಅಂತ ಗೊತ್ತಾಗಲಿಲ್ಲ. ಮಿಂಟ್ ಟರ್ಮಿನಲ್‌ನಾಗ ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1 ಅಂತ ಇಂಗ್ಲಿಷಿನ್ಯಾಗ ಹೊಡಿ. ರಿಜಿಸ್ಟ್ರಿ ಬದಲಿಸಿ ಎಕ್ಸ್‌ಪಿನ್ನ ಯುಟಿಸಿಗೆ ತಾ ಅಂತ ಯಾರರ ಹೇಳಿದ್ರ ಕೇಳಬ್ಯಾಡ, ಎಕ್ಸ್‌ಪಿಗೆ ಅದು ನೆಟ್ಟಗ ಬರಂಗಿಲ್ಲ. ಶ್ರಿಂಕ್ ವಿಷಯ ನಂದ ತಪ್ಪು, ಒಪ್ಪಿದೆ.

ಬೆಟಗೇರಿ_ಹುಡುಗ:

ಆತ್ರಿ ಸರ, ಈಗ ಎರಡರಾಗೂ 9:40. ತಂಗಿ ಐಬಸ್‌ನಾಗ (ಲಿನಕ್ಸಿನ ಟೈಪಿಂಗ್ ಸಾಫ್ಟ್‌ವೇರ್) ಕನ್ನಡ ಕೆಜಿಪಿ, ಅಂದ್ರ ನುಡಿದ ಲೇಔಟ್ ಹಾಕ್ಕೊಂಡು ಟೈಪ್ ಮಾಡಾಕತ್ತಿದ್ಲು, ಅಪ್ಪಾರು ಹಿಂದ ನಿಂತು ನೋಡಿ "ಇದರಾಗ ನುಡಿ ಕೀಲಿಮಣಿ ಐತೇನು" ಅಂತ ಆಕೀನ್ನ ಎಬ್ಬಿಸಿ ತಾವ ಕುಂತ್ರು. ಈಗ ತಮ್ಮ ಹಳೇ ಫೈಲೊಂದು ತಗಿ ಅನ್ನಾಕತ್ತಾರ, ತಗದ್ರ ಕನ್ನಡ ಬಿಟ್ಟು ಎಲ್ಲಾ ಇಂಗ್ಲಿಷ್ ಅಕ್ಷರ ಕಲಸಿಟ್ಟಂಗ ಕಾಣಾಕತ್ತೈತಿ, ಅದಕ್ಕ ಬ್ಯಾರೆ ಪೋಸ್ಟ್ ಹಾಕ್ತೀನಿ.