ಚಿತ್ರಕ್ಕೆ ನೂರು ರೂಪಾಯಿ

ಅಣ್ಣ (ಕಾರವಾರ): [ಫಾರ್ವರ್ಡ್] ಯಾರೂ ಸುಮ್ನೆ ಬರೆಯಲ್ಲ, ಯಾರೂ ಸುಮ್ನೆ ಹಾಡಲ್ಲ. ಒಂದೋ ಹೆಸರಿಗೆ, ಇಲ್ಲ ಕಾಸಿಗೆ. ಇವೆರಡನ್ನೂ ತೆಗೆದರೆ ಕಲೆಯೇ ಇರಲ್ಲ.

ಅಣ್ಣ: ನೂರಕ್ಕೆ ನೂರು ನಿಜ. ಪುಟ್ಟಿಗೂ ಇದನ್ನೇ ಮಾಡಿದ್ದೇನೆ. ಸ್ಪರ್ಧೆ ಮುಗಿಯುವವರೆಗೆ ಒಂದು ಚಿತ್ರಕ್ಕೆ 100 ರೂಪಾಯಿ.

ಅತ್ತಿಗೆ: ನಾನು ಬೇಡ ಅಂದೆ. ಕೇಳಲಿಲ್ಲ.

ನಾನು: ಅಣ್ಣ, ದಯವಿಟ್ಟು ಬೇಡ. ಯಾರೂ ಹೇಳದೆಯೇ ದಿನಾ ಚಿತ್ರ ಬಿಡಿಸುವ ಮಗು ಅದು. ಅಂಥ ಮಕ್ಕಳಿಗೆ ಬಹುಮಾನದ ಆಸೆ ತೋರಿಸಿದರೆ ಏನಾಗುತ್ತದೆ ಅಂತ ಅಮೆರಿಕದಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನುವ ಮೂವರು ಮನಶ್ಶಾಸ್ತ್ರಜ್ಞರು ನೋಡಿದ್ದಾರೆ. 1973ರಲ್ಲಿ ಅದು ಪ್ರಕಟವಾಯಿತು. ಶಿಶುವಿಹಾರದ ಮಕ್ಕಳು, ಮೊದಲಿಂದಲೂ ಚಿತ್ರ ಅಂದರೆ ಇಷ್ಟ ಇದ್ದವರು. ಕೆಲವರಿಗೆ 'ಚಿತ್ರ ಬಿಡಿಸಿದರೆ ಸರ್ಟಿಫಿಕೇಟ್ ಕೊಡ್ತೇವೆ' ಅಂತ ಮೊದಲೇ ಹೇಳಿದರು. ಕೆಲವರಿಗೆ ಏನೂ ಹೇಳದೆ ಕೊನೆಗೆ ಕೊಟ್ಟರು. ಉಳಿದವರಿಗೆ ಕೊಡಲೇ ಇಲ್ಲ. ಒಂದೆರಡು ವಾರ ಬಿಟ್ಟು, ಆಟದ ಹೊತ್ತಿನಲ್ಲಿ ತಾವಾಗಿಯೇ ಯಾರು ಸ್ಕೆಚ್ ಪೆನ್ ಹಿಡಿಯುತ್ತಾರೆ ಅಂತ ನೋಡಿದರು. ಮೊದಲೇ ಆಸೆ ಹುಟ್ಟಿಸಿದ ಮಕ್ಕಳು ಬೇರೆಯವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಹೇಳದೆ ಪಡೆದವರ ಇಷ್ಟ ಹಾಗೇ ಇತ್ತು.

ಅಣ್ಣ: ಅದು ಚಿಕ್ಕ ಮಕ್ಕಳ ಮಾತಾಯಿತು. ದೊಡ್ಡವರದ್ದು ಹೇಳು.

ನಾನು: ನೀನು ಸಂಜೆ ವಾಕಿಂಗ್ ಹೋಗುವ ಬೀಚಿಗೆ ಯಾರ ಹೆಸರಿದೆ? ಠಾಗೋರರು 1883ರಲ್ಲಿ ಕಾರವಾರಕ್ಕೆ ಬಂದಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದರು. ಇಲ್ಲಿದ್ದಾಗಲೇ ಠಾಗೋರರು ಒಂದು ನಾಟಕ ಬರೆದರು. ಆಗ ಇನ್ನೂ ಹುಡುಗ, ಹೆಸರಿನ ಆಸೆ ಇತ್ತು ಅಂತಲೇ ಇಟ್ಟುಕೋ. 1913ರಲ್ಲಿ ನೊಬೆಲ್ ಬಂತು, ಹೆಸರು ಸಿಕ್ಕಿತು. ಆಮೇಲೆ, ಅರವತ್ತು ದಾಟಿದ ಮೇಲೆ, ಅದೇ ಮನುಷ್ಯ ಚಿತ್ರ ಬಿಡಿಸಲು ಕೂತರಲ್ಲ, ಅದಕ್ಕೇನು ಹೇಳ್ತೀಯ? ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳ ಮೇಲೆ ಗೀಚುತ್ತ ಗೀಚುತ್ತ ಅದು ಶುರುವಾಯಿತು. 1930ರಲ್ಲಿ ಪ್ಯಾರಿಸ್‌ನಲ್ಲಿ ಪ್ರದರ್ಶನ ಆಯಿತು. ಒಟ್ಟು 2000ಕ್ಕೂ ಜಾಸ್ತಿ ಚಿತ್ರ ಬಿಟ್ಟುಹೋದರು. ಇಡೀ ಜಗತ್ತು ಕವಿ ಅಂತ ಒಪ್ಪಿದವರು ಕ್ರಮವಾಗಿ ಕಲಿಯದ ಕೆಲಸಕ್ಕೆ ಕೈಹಾಕಿದರೆ ಇದ್ದ ಹೆಸರು ಕೆಡುವ ಭಯವೇ ಜಾಸ್ತಿ ಅಲ್ವಾ?

ಚಿಕ್ಕಪ್ಪ: ಅವರು ಜಮೀನ್ದಾರರು ಮಾರಾಯ್ತಿ, ಹೊಟ್ಟೆಯ ಚಿಂತೆ ಇರಲಿಲ್ಲ. ನಮ್ಮ ಗುಡಿಗಾರರನ್ನು ನೋಡು. ಗಂಧದಲ್ಲಿ ಅಂಥ ಕೆತ್ತನೆ ಮಾಡುವುದು ಹೊಟ್ಟೆಪಾಡಿಗೇ. ದುಡ್ಡು ಕೊಡದಿದ್ದರೆ ಯಾಕೆ ಕೆತ್ತುತ್ತಾರೆ?

ಅಣ್ಣ: ಹಾಂ, ಹಾಗೆ ಕೇಳಿ!

ನಾನು: ಕೂಲಿ ಕೊಡಲೇಬೇಕು ಚಿಕ್ಕಪ್ಪ, ಚೆನ್ನಾಗಿಯೇ ಕೊಡಬೇಕು. ಉಪವಾಸ ಇದ್ದರೇ ಒಳ್ಳೇ ಕಲೆ ಬರುತ್ತದೆ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆದರೆ ಪೆಟ್ಟಿಗೆಯ ಮೇಲಿನ ಬಳ್ಳಿಯಲ್ಲಿ ಎಲೆ ಎಲೆಗೂ ನರ ಮೂಡಿಸುವುದು ಕೂಲಿಯ ಲೆಕ್ಕದಲ್ಲಿ ಇರಲ್ಲ. ಕೊಳ್ಳುವವರು ಎಷ್ಟೋ ಸಲ ಅದನ್ನು ಗಮನಿಸುವುದೂ ಇಲ್ಲ. ಕೆತ್ತುವವನಿಗೆ ಹಾಗೇ ಬಿಡಲು ಮನಸ್ಸು ಬರಲ್ಲ, ಅಷ್ಟೇ. ನಮ್ಮ ಯಶವಂತ ಚಿತ್ತಾಲರಿಗೆ ಮುಂಬೈಯ ಕಂಪನಿಯಲ್ಲಿ ದೊಡ್ಡ ಹುದ್ದೆ ಇತ್ತು. ಹೊಟ್ಟೆಗೆ ಅದೇ ಸಾಕಿತ್ತು. ಆದರೂ ಅಷ್ಟು ದೂರ ಕೂತು ವರ್ಷಗಟ್ಟಲೆ ಹನೇಹಳ್ಳಿಯ ಕತೆ ಬರೆದರು. ಊರು ಅವರನ್ನು ಬಿಡಲಿಲ್ಲ.

ಅತ್ತಿಗೆ: ಶಿರಸಿ ಅತ್ತೆ ವಾಯ್ಸ್ ಮೆಸೇಜ್ ಕಳಿಸಿದ್ದಾರೆ. ಚಿಕ್ಕಪ್ಪನಿಗೆ ಕೇಳಿಸಲ್ಲ ಅಂತ ಬರೆದು ಹಾಕುತ್ತಿದ್ದೇನೆ: 'ತಮಾ, ಮದುವೆಗೆ ಗೋಡೆ ಮೇಲೆ ಹಸೆ ಚಿತ್ತಾರ ಬರೆಯಲು ನನಗೆ ಯಾರು ನೂರು ರೂಪಾಯಿ ಕೊಟ್ಟಿದ್ದರು? ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಅರೆದು, ಪುಂಡಿ ನಾರಿನ ಕುಂಚ ಹಿಡಿದರೆ ಎಳೆ ಸೊಟ್ಟ ಆಗಬಾರದು ಅನ್ನುವುದೊಂದೇ ತಲೆಯಲ್ಲಿ ಇರ್ತದೆ. ಊಟವೂ ನೆನಪಾಗಲ್ಲ. ಹಸೆಯ ಕೆಳಗೆ ಹೆಸರು ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಮತ್ತೆ ಗೋಡೆ ಸಾರಿಸಿದರೆ ಬರೆದದ್ದೂ ಹೋಯ್ತು. ಹೊಗಳಿಕೆ ಬೇಡ ಅಂತಲ್ಲ. ಮದುವೆಗೆ ಬಂದವರು ನಿಂತು ನೋಡಿದರೆ ಖುಷಿ ಆಗ್ತದೆ. ಆದರೆ ಅದು ಬರೆದಾದ ಮೇಲಿನ ಖುಷಿ. ಕೂಸಿನ ಚಿತ್ರ ಕೂತು ನೋಡು. ಇಲ್ಲಿ ಯಾಕೆ ಈ ಬಣ್ಣ ಹಾಕಿದೆ ಅಂತ ಕೇಳು. ದುಡ್ಡು ಕೊಟ್ಟು ಕೈ ತೊಳ್ಕೊಳ್ಳಬೇಡ.'

ಅಣ್ಣ: ಸ್ಪರ್ಧೆಗೆ ಹೆಸರು ಕೊಟ್ಟಾಗಿದೆಯಲ್ಲ ಅತ್ತೆ.

ಅತ್ತಿಗೆ: ಸ್ಪರ್ಧೆಗೆ ಹೋಗಲಿ. ನಿನ್ನೆ ಪುಟ್ಟಿ ನನ್ನ ಹತ್ತಿರ ಏನು ಕೇಳಿದಳು ಗೊತ್ತಾ? 'ಅಮ್ಮಾ, ಸಣ್ಣ ಚಿತ್ರಕ್ಕೂ ನೂರು ಕೊಡ್ತಾರಾ?' ಆಮೇಲೆ ಹತ್ತೇ ನಿಮಿಷದಲ್ಲಿ ನಾಲ್ಕು ಚಿತ್ರ ಮಾಡಿಟ್ಟಳು. ನಾಲ್ಕರಲ್ಲೂ ಅದೇ ಮನೆ, ಅದೇ ತೆಂಗಿನ ಮರ.

ಅಣ್ಣ: ಇದು ನನಗೆ ಗೊತ್ತಿರಲಿಲ್ಲ.

ಅಣ್ಣ: ಸರಿ, ನೂರರ ಮಾತು ಬಿಟ್ಟೆ. ಆದರೆ ಫಾರ್ವರ್ಡ್ ಪೂರ್ತಿ ಸುಳ್ಳು ಅಂತ ಒಪ್ಪಲ್ಲ. ನೋಡುವವರೇ ಇಲ್ಲದಿದ್ದರೆ ಎಷ್ಟು ಜನ ಬರೆಯುತ್ತಾರೆ?

ನಾನು: ನೋಡುವವರು ಬೇಕು ಅಣ್ಣ. ಅತ್ತೆ ನಿನಗೆ ಹೇಳಿದ್ದೂ ಅದನ್ನೇ. ಭಾನುವಾರ ಬರುತ್ತೇನೆ, ದೊಡ್ಡ ಹಾಳೆ ತರುತ್ತೇನೆ. ಎಷ್ಟು ಬಿಡಿಸಿದೆ ಅಂತ ಮಾತ್ರ ಅವಳನ್ನು ಯಾರೂ ಕೇಳಬೇಡಿ.